ಎಂಜಲ ಕೆಲಸ

ತಪ್ಪು ತಿಳಿಯಬೇಡಿ, ದೊರೆಗಳೇ,
ನಿಮ್ಮ ಮುಖ ತೊಳೆಯುತ್ತಿರುವುದು ನನ್ನ ಎಂಜಲಲ್ಲಿ.
ಹತ್ತಿ ಸುತ್ತಿದ ಕಡ್ಡಿಯನ್ನು ನಾಲಿಗೆಗೆ ತಾಗಿಸಿ
ಹಣೆಯ ಮೇಲೆ ಒಂದು ಸುತ್ತು, ಆಮೇಲೆ ಕಡ್ಡಿ ಬುಟ್ಟಿಗೆ.
ಬಾಟಲಿಯ ಔಷಧಿಗಳಿಗಿಂತ ಇದೇ ಮೆತ್ತಗೆ.
ಇನ್ನೂರ ಮೂವತ್ತು ವರ್ಷದ ಚುಟ್ಟಾ ಹೊಗೆ, ಸಾರಿನ ಹಬೆ,
ಕ್ಲಬ್ಬಿನ ದೀಪಗಳ ಮಸಿ
ಕೊನೆಗೆ ಬಗ್ಗುವುದು ಉಗುಳಿಗೆ.
ಬೆಳಿಗ್ಗೆಯಿಂದ ಕಾಫಿ ಕುಡಿದಿಲ್ಲ. ನಿಮಗೋಸ್ಕರ.

ಕೆಳಗೆ ಶಿವಾಜಿನಗರ. ಕೀಮಾ ಕೊಚ್ಚುವ ಸದ್ದು.
ಕಿಟಕಿ ಮುಚ್ಚಿದರೂ ನಿಮ್ಮ ಕೆಂಪು ಕೋಟಿನ ಮೇಲೆ ಧೂಳು.
ಆ ಕೆಂಪು ಹುಳುವಿನದಂತೆ, ಒಣಗಿಸಿ ಅರೆದದ್ದು,
ಒಂದು ತೋಳಿಗೆ ಎಷ್ಟು ಸಾವಿರ ಹೋದವೋ.
ಗುಂಡಿಗಳು ಹನ್ನೊಂದು. ಹನ್ನೆರಡನೆಯದು ಪಟ್ಟಿಯ ಹಿಂದಿರಬೇಕು,
ಇಲ್ಲವೇ ಚಿತ್ರಕಾರನಿಗೆ ಕೂಲಿ ಸಾಲಲಿಲ್ಲ.

ನಿಮ್ಮ ಬೆನ್ನ ಹಿಂದಿನ ಕೋಟೆ ಬೆಂಗಳೂರಂತೆ:
ಮೂರು ತೆಂಗಿನ ಮರ, ದೂರದಲ್ಲಿ ಹಿಮದ ಬೆಟ್ಟ!
ಅವನು ಈ ಕಡೆ ತಲೆ ಹಾಕಿಯೂ ಮಲಗಿದವನಲ್ಲ.
ನನ್ನ ಬಸ್ಸು ದಿನಾ ಆ ಕೋಟೆಯ ಮಗ್ಗುಲಲ್ಲೇ ತಿರುಗುತ್ತದೆ.
ನಿಮ್ಮವರು ಗೋಡೆ ಒಡೆದು ನುಗ್ಗಿದ ಜಾಗಕ್ಕೊಂದು ಫಲಕವಿದೆ.
ಈಗ ಅಲ್ಲಿ ಯಾರೂ ನುಗ್ಗಲಾರರು,
ಸಿಗ್ನಲ್ಲಿಗೇ ಹತ್ತು ನಿಮಿಷ.

ನಮ್ಮಮ್ಮ ಸೆರಗಿನ ತುದಿಗೆ ಉಗುಳು ಹಚ್ಚಿ
ಸ್ಕೂಲಿನ ಗೇಟಿನಲ್ಲಿ ನನ್ನ ಕೆನ್ನೆ ಒರೆಸುತ್ತಿದ್ದಳು,
ಎಲ್ಲರ ಮುಂದೆ.
ಕಂಟೋನ್ಮೆಂಟಿನ ಬಂಗಲೆಯಲ್ಲಿ ಅದೇ ಅಮ್ಮನಿಗೆ ಲೋಟ ಬೇರೆ,
ಕಿಟಕಿಯ ಕಟ್ಟೆಯ ಮೇಲೆ ಬೋರಲು ಹಾಕಿದ್ದು.
ಅದು ನೆನಪಾಗಿ ಇವತ್ತು ನಿಮ್ಮ ತುಟಿಯನ್ನು
ಎರಡು ಸಲ ತೊಳೆದೆ.

ಮೂರನೆಯ ವಾರ ನಿಮ್ಮ ಎಡ ಮೊಣಕೈ ಪಕ್ಕದ ಮರ
ಹಸಿರು ಹಸಿರಾಗಿ ಕಡ್ಡಿಗೆ ಅಂಟಿಕೊಂಡು ಬಂತು.
ಎದೆ ಧಸಕ್ಕೆಂದಿತು.
ಮರದ ಅಡಿಯಲ್ಲಿ ಕೈ.
ಕಪ್ಪು ಕೈ, ಬೆಳ್ಳಿ ಕಡಗ, ಛತ್ರಿಯ ಕಾವು ಹಿಡಿದದ್ದು.
ಹೆಬ್ಬೆರಳಿನ ಉಗುರು ಸೀಳಿದೆ.
ಹಿಮದ ಬೆಟ್ಟ ಬರೆದವನು ಈ ಉಗುರನ್ನು ಮಾತ್ರ
ಎಲ್ಲೋ ಕಣ್ಣಾರೆ ಕಂಡಿದ್ದ.
ಕ್ಯಾಪ್ಟನ್ ಥಾರ್ಲಿ, ನಿಮ್ಮ ಹೆಸರು ಹಿತ್ತಾಳೆಯಲ್ಲಿದೆ;
ಅವನದ್ದು ಹುಡುಕಿದೆ, ಚೌಕಟ್ಟಿನ ಹಿಂದೆ ಕೂಡ.
ಗೆದ್ದಲು ತಿಂದ ಚೀಟಿ, ಯಾವುದೋ ಲಾಂಡ್ರಿಯ ಲೆಕ್ಕ.

ಸೆಕ್ರೆಟರಿ ಚಂಗಪ್ಪನವರು ಫೋನಿನಲ್ಲಿ ಫೋಟೋ ನೋಡಿ ಅಂದರು:
“ಮರ ಇತ್ತಲ್ಲಮ್ಮಾ, ಮರಾನೇ ಇರ್ಲಿ. ಶನಿವಾರ ಪಾರ್ಟಿ ಇದೆ.”
ದುಡ್ಡು ಕೊಡುವವರು ಅವರು. ಮತ್ತೆ ಬರೆದೆ,
ಗರಿಗೊಂದು ಗರಿ ಕೂಡಿಸಿ, ಮೊದಲಿಗಿಂತ ಚೆನ್ನಾಗಿಯೇ.
ಆದರೆ ಎಣ್ಣೆಯಲ್ಲಲ್ಲ, ನೀರುಬಣ್ಣದಲ್ಲಿ.
ನೂರು ವರ್ಷಕ್ಕೋ, ಬರುವ ಮಳೆಗಾಲಕ್ಕೋ
ಕಾಫಿ ಕುಡಿಯದೆ ಬಂದ ಯಾರೋ ಒಬ್ಬಳು
ಕಡ್ಡಿಯನ್ನು ನಾಲಿಗೆಗೆ ತಾಗಿಸಿದರೆ ಸಾಕು.

ಅಲ್ಲಿಯವರೆಗೆ ಬಿಸಿಲನ್ನು ನೀವೇ ನೋಡಿಕೊಳ್ಳಿ, ದೊರೆಗಳೇ.
ಛತ್ರಿ ಹಿಡಿದವನ ಕೈ ಸೋತಿರಬೇಕು.
ಸ್ವಲ್ಪ ಹೊತ್ತು
ಮರದ ನೆರಳಲ್ಲಿರಲಿ.