ಒಂದು ಗೇಣು ಕೆಂಪು

ರಾತ್ರಿ ಪಾಳಿ ಮುಗಿದಿತ್ತು.
ಎಮರ್ಜೆನ್ಸಿ ವಾರ್ಡಿನ ರಿಜಿಸ್ಟರಿನಲ್ಲಿ
ಕೊನೆಯ ಹೆಸರಿನ ಮುಂದೆ ನಾನೇ ಬರೆದಿದ್ದೆ:
ರಸ್ತೆ ಅಪಘಾತ. ಸೈಕಲ್.
ಕೈ ತೊಳೆದು, ಸ್ವೆಟರು ತೊಟ್ಟು,
ಮಂಡ್ಯ ದಾಟಿ ನಾಲೆ ಏರಿ ಹಿಡಿದಾಗ
ಪುಷ್ಯ ಮಾಸದ ಮಂಜು
ಗದ್ದೆಯ ಮೇಲೆ, ನೀರಿನ ಮೇಲೆ,
ನನ್ನ ಕನ್ನಡಕದ ಮೇಲೆ.

ಸ್ಕೂಟರಿನ ದೀಪ ಮೇಲಕ್ಕೆತ್ತಿದೆ.
ಎತ್ತಿದಷ್ಟೂ ಬಿಳೀ ಗೋಡೆ.
ಗೋಡೆಯೊಳಗೆ, ಸೊಂಟದೆತ್ತರದಲ್ಲಿ,
ಒಂದು ಚಂದ್ರ ತೂಗುತ್ತಿತ್ತು.

ಚಂದ್ರ ಇಷ್ಟು ತಗ್ಗಿಗೆ ಇಳಿಯುವುದಿಲ್ಲವೆಂದು
ತಲೆಗಿಂತ ಮೊದಲು ಕೈಗೆ ತಿಳಿಯಿತು.
ಬ್ರೇಕು ಕಿರುಚಿತು. ಸ್ಕೂಟರು ಅಡ್ಡ ತಿರುಗಿ
ಹಾಲಿನ ಕ್ಯಾನಿಗೆ ಮೂರು ಬೆರಳು ಉಳಿಸಿ ನಿಂತಿತು.
ಕ್ಯಾನಿನಾಚೆ ಸೈಕಲ್ಲು, ಸೈಕಲ್ಲಿನ ಮೇಲೆ
ಕತ್ತಲಿನದೇ ಬಣ್ಣದ ಕಂಬಳಿ,
ಕಂಬಳಿಯೊಳಗೆ ದ್ಯಾವಣ್ಣ.

"ದೀಪ ಬೇಡವಾ? ಹಿಂದೊಂದು ಕೆಂಪು ಬೇಡವಾ?
ರಾತ್ರಿಯೆಲ್ಲ ನಿಮ್ಮಂಥವರಿಗೇ ಕಟ್ಟು ಕಟ್ಟಿ ಬಂದಿದೀನಿ!"
ನನ್ನ ದನಿ ನನ್ನದಾಗಿರಲಿಲ್ಲ.
ಆತ ಮೊದಲು ಕ್ಯಾನಿನ ಮುಚ್ಚಳ ಮುಟ್ಟಿ ನೋಡಿದ.
ಆಮೇಲೆ:
"ಕೆಂಪಿತ್ತು ಕಣವ್ವ. ಓದೊರ್ಸ ಒಡೆದೋಯ್ತು, ಆಕಿಸ್ನಿಲ್ಲ.
ನಿಮ್ ಲೈಟೇನು ಕಮ್ಮಿಯಾ?
ನನ್ ನೆಳ್ಳು ನನ್ ಮುಂದ್ಕೇ ಬಿದ್ದು
ಗುಂಡಿ ಯಾವ್ದು, ದಾರಿ ಯಾವ್ದು, ಗೊತ್ತಾಗ್ನಿಲ್ಲ."

ಇಬ್ಬರಲ್ಲೂ ಕೋಪ ಇನ್ನೂ ಬಾಕಿಯಿತ್ತು.
ಅಷ್ಟರಲ್ಲಿ ಮಂಜು ಸೀಳಿ ಕಬ್ಬಿನ ಟ್ರ್ಯಾಕ್ಟರು.
ಎರಡು ಟ್ರೈಲರು, ಸೋಗೆ ರಸ್ತೆ ಗುಡಿಸುತ್ತ,
ಎದೆ ಅದುರುವಷ್ಟು ಹಾಡು.
ಸೈಕಲ್ಲಿನ ಹ್ಯಾಂಡಲ್ಲಿಗೆ ಆ ಕಡೆ ಅವನ ಕೈ, ಈ ಕಡೆ ನನ್ನದು,
ಏರಿಯ ಹುಲ್ಲಿಗೆ ಜಿಗಿದೆವು.
ಹಿಂತಿರುಗಿ ನೋಡಿದರೆ
ಅಷ್ಟು ದೊಡ್ಡ ಗಾಡಿಗೆ ಬೆನ್ನೇ ಇಲ್ಲ;
ಬೆಂಕಿಕಡ್ಡಿಯಷ್ಟು ಬೆಳಕಿಲ್ಲ.
ಇಬ್ಬರ ಬಾಯಲ್ಲೂ ಒಂದೇ ಬೈಗುಳ ಬಂತು.
ಬರೆಯುವಂಥದ್ದಲ್ಲ.

ನಗು ಬಂತು. ನಗು ಮುಗಿದ ಮೇಲೆ
ಮೊಣಕಾಲು ನಡುಗಿತು.
"ಕ್ಯಾನು ಇಷ್ಟೊಂದು ಹೊಳೀತದಲ್ಲ?" ಎಂದೆ.
"ನಮ್ಮವ್ಳು, ಪುಟ್ಟಲಕ್ಷ್ಮಿ. ಉಣ್ಸೆಣ್ಣು, ಬೂದಿ.
ಡೇರೀಲಿ ಯಾರೂ ಕೇಳಾಕಿಲ್ಲ. ಆದ್ರೂ ಉಜ್ತಾಳೆ."
ಅವಳನ್ನು ನಾನು ಕಂಡವಳಲ್ಲ.
ಹಿಂದಿನ ಸಂಜೆ ಕೊಟ್ಟಿಗೆಯ ಮಗ್ಗುಲಲ್ಲಿ ಕುಕ್ಕರುಗಾಲಲ್ಲಿ ಕೂತು
ಗಂಡನನ್ನು ಕಾದಿದ್ದಳು; ಜೊತೆಗೆ
ಜೈಲಿನಿಂದ ನನ್ನನ್ನೂ.

ಟವೆಲಿನ ತುದಿಯಲ್ಲಿ ದ್ಯಾವಣ್ಣ
ನನ್ನ ದೀಪದ ಗಾಜು ಒರೆಸಿದ. ಸತ್ತ ಹುಳು ಒಂದು ಹಿಡಿ.
ನಾನು ಬೆಳಕು ತಗ್ಗಿಸಿದೆ.
ಅಷ್ಟು ಹೊತ್ತೂ ಅಲ್ಲೇ ಇದ್ದ ರಸ್ತೆ
ಆಗ ಕಂಡಿತು.

ಆಂಬುಲೆನ್ಸ್ ಓಡಿಸುವ ಇಮ್ತಿಯಾಜ್
ಗಾಡಿಗೆ ಅಂಟಿಸಿ ಉಳಿದ ಹೊಳೆಯುವ ಪಟ್ಟಿ ಕೊಟ್ಟ, ಒಂದು ಮೊಳ.
ಕ್ಯಾನಿನ ಮೇಲೆ ಎರಡು ದಿನ ನಿಂತಿತು;
ಅಂಗಡಿಯ ಚೀಟಿಯೆಂದು ಪುಟ್ಟಲಕ್ಷ್ಮಿ ಉಜ್ಜಿ ಕಿತ್ತಳು.
ಮಡ್‌ಗಾರ್ಡಿಗೆ ಅಂಟಿಸಿದೆ. ಪೆಡಲಿಗೆ ಎರಡು ಚೂರು.
ಈಗ ದೂರದಿಂದ ದ್ಯಾವಣ್ಣ ಎಂದರೆ
ಸರದಿಯಲ್ಲಿ ಏರಿಳಿವ ಎರಡು ಕೆಂಡ.

ಇವತ್ತು ಸಕ್ಕರೆ ಕಾರ್ಖಾನೆಯ ಗೇಟಿಗೆ ಬಂದಿದ್ದೇನೆ.
ಟ್ರ್ಯಾಕ್ಟರುಗಳ ಸಾಲು ತಿರುವಿನಾಚೆಗೂ ಇದೆ.
ಆ ಹಾಡಿನವನು ಇವರಲ್ಲೇ ಒಬ್ಬ,
ಯಾರೆಂದು ಹೇಗೆ ಹೇಳಲಿ?
ಎಲ್ಲರಿಗೂ ಮೀಸೆ ಈಗಷ್ಟೇ ಚಿಗುರಿದೆ.
ನನ್ನ ಕೈಯಲ್ಲಿ ಉಳಿದದ್ದು ಒಂದು ಗೇಣು ಕೆಂಪು.
ಎಣಿಸಿದೆ: ನಲವತ್ತೆರಡು ಗಾಡಿ.
ಕತ್ತರಿ ತೆಗೆದೆ.

"ಎಷ್ಟಕ್ಕ ದುಡ್ಡು?" ಎಂದ ಮೊದಲನೆಯವನು.
"ದುಡ್ಡು ಬೇಡ. ಇಳಿ.
ಹತ್ತು ಮಾರು ಹಿಂದಕ್ಕೆ ನಡೆದು
ನಿನ್ನ ಗಾಡಿಯನ್ನು ಒಂದು ಸಲ ಹುಡುಕು."
ಹೊತ್ತು ಮುಳುಗಿತ್ತು.
ಟೀ ಲೋಟ ಹಿಡಿದೇ ಇಳಿದ.