ಅಲ್ಪವಿರಾಮ

ಅಲ್ಲಿ ರಾತ್ರಿ ಹನ್ನೊಂದಕ್ಕೆ ಮತಗಟ್ಟೆಯ ಬಾಗಿಲು ಹಾಕುತ್ತಾರಂತೆ.
ಆಗ ನಮ್ಮ ಕುಷ್ಟಗಿಯಲ್ಲಿ ಎರಡೂವರೆ,
ನಾಯಿಗಳೂ ಮಲಗಿದ ಹೊತ್ತು.
ಗರಗಸ ಕೆಟ್ಟು ಕೂತು ಒಂಬತ್ತು ದಿನ,
ಅದರ ಬಾಯಲ್ಲಿ ಅರ್ಧ ಸೀಳಿದ ಕೆಂಪು ಕಲ್ಲು.

ರಿಪೇರಿಗೆ ಬಂದವನು ಎತ್ತೊರೆ,
ವೆರೋನಾ ಕಡೆಯವನು.
ನಮ್ಮ ಹುಡುಗರ ಬಾಯಲ್ಲಿ ಮೂರೇ ದಿನಕ್ಕೆ
ಹತ್ತೂರಪ್ಪನಾದ.
ಮಿರ್ಚಿ ತಿಂದು ಕಣ್ಣೀರು ಹಾಕಿದ,
ಮರುದಿನ ತಾನೇ ಕೇಳಿ ಇನ್ನೆರಡು ತಿಂದ.

ಇವತ್ತು ಪಾನಾ ಕೆಳಗಿಟ್ಟು, ಗ್ರೀಸು ಒರೆಸಿಕೊಂಡು,
ಮೊಬೈಲನ್ನು ಕಲ್ಲಿನ ಹಲಗೆಗೆ ಆನಿಸಿಟ್ಟ.
ತಂಗಿ ನಿಂತಿದ್ದಾಳೆ, ಅಂದ,
ಅರ್ಧ ಇಂಗ್ಲಿಷು, ಮಿಕ್ಕದ್ದು ಕೈಯಲ್ಲಿ.
ಯುರೋಪಿನ ಪಾರ್ಲಿಮೆಂಟಿಗೆ.
ಕನ್ನಡ ಶಾಲೆಯಂಥದೇ ಒಂದು ಶಾಲೆಯ ಟೀಚರು, ಗ್ರಾತ್ಸಿಯೆಲ್ಲಾ.
ಓಟು ಹಾಕಲು ಇವನು ಊರಲ್ಲಿರಬೇಕಿತ್ತು.
ಗರಗಸ ಬಿಡಲಿಲ್ಲ.

ನನ್ನ ಬೆರಳು ಹಿಡಿದು ನೋಡಿದ.
ಮೇ ತಿಂಗಳ ಶಾಯಿ
ಉಗುರಿನ ಬುಡ ಬಿಟ್ಟು ಮೇಲಕ್ಕೆ ನಡೆದಿದೆ,
ಕರೀ ಇರುವೆಯ ಹಾಗೆ, ಆತುರವಿಲ್ಲದೆ.
ಅವರಲ್ಲಿ ಶಾಯಿ ಇಲ್ಲ, ಪೆನ್ಸಿಲ್ಲಂತೆ,
ಬರೆದರೆ ಅಳಿಸದ ಪೆನ್ಸಿಲ್ಲು.
ಓಟು ಹಾಕಿ ಅದನ್ನು ವಾಪಸು ಕೊಡಬೇಕು.
ಬೇಕಾದವರ ಹೆಸರನ್ನು ಕೈಯಾರೆ ಬರೆಯಬೇಕು.
"ಬರಿಯಾಕ ಬರಲಾರದವ್ರು ಏನ್ ಮಾಡ್ತಾರಂತ?"
ಕಲ್ಲಿನ ರಾಡಿ ಬಳಿಯುತ್ತಿದ್ದ ಕಾಸಿಂಬಿ ಕೇಳಿದಳು.
ನಾನು ತಿಳಿದಷ್ಟು ದಾಟಿಸಿದೆ.
ಅವನು ತಲೆ ಕೆರೆದ. ಬಹಳ ಹೊತ್ತು ಕೆರೆದ.

ಅಂಕಿಗಳು ಬರತೊಡಗಿದವು.
ನೂರಕ್ಕೆ ಒಂಬತ್ತು, ಆಮೇಲೊಂದು ಅಲ್ಪವಿರಾಮ, ಆಮೇಲೆ ನಾಲ್ಕು.
ನಾವು ಚುಕ್ಕಿ ಇಡುವಲ್ಲಿ ಅವರಿಗೆ ಬಾಲದ ಚುಕ್ಕಿ.
ವಾಕ್ಯ ಇನ್ನೂ ಮುಗಿದಿಲ್ಲ ಎಂಬಂತೆ
ಪ್ರತಿ ಲೆಕ್ಕವೂ ಉಸಿರು ಹಿಡಿದು ನಿಂತಿತ್ತು.
ಎಷ್ಟೋ ಜನ ಓಟಿಗೇ ಬಂದಿಲ್ಲ,
ಅಂಗೈ ಮಗುಚಿ ತೋರಿಸಿದ: ಅರ್ಧ ಊರು ಮನೆಯಲ್ಲೇ.
"ನಮ್ಮಲ್ಲಿ ಸತ್ತವರೂ ಬರ್ತಾರ," ಅಂದ ದುರುಗೇಶ.
ಇದನ್ನು ನಾನು ದಾಟಿಸಲಿಲ್ಲ.

ಕರೆಂಟು ಹೋಯಿತು. ಮೊಬೈಲಿನ ಬೆಳಕೊಂದೇ,
ಪಾಲಿಶ್ ಹಲಗೆಯಲ್ಲಿ ನಮ್ಮ ನಾಲ್ಕು ಮುಖ,
ಕೆಂಪು ಕಲ್ಲೊಳಗಿಂದ ನಮ್ಮನ್ನೇ ನೋಡುವ ನಾಲ್ಕು ಮಂದಿ.

ನಾಲ್ಕೂ ಇಪ್ಪತ್ತಕ್ಕೆ ಅವರೂರಿನ ಪಟ್ಟಿ ಬಂತು.
ಗ್ರಾತ್ಸಿಯೆಲ್ಲಾ: ನಲವತ್ತೊಂದು.
ಸೋತಳು ಅನ್ನಲು ಅವನಿಗೆ ನನ್ನ ಭಾಷೆ ಬೇಕಾಗಲಿಲ್ಲ.
ಸ್ವಲ್ಪ ಹೊತ್ತು ಸುಮ್ಮನಿದ್ದು
ಬೆರಳು ಮಡಚತೊಡಗಿದ:
ಅವ್ವ, ಚಿಕ್ಕಪ್ಪ, ಬ್ರೆಡ್ಡಿನ ಅಂಗಡಿಯವನು,
ಅವನ ಹೆಂಡತಿ ಇಲ್ಲ, ಅವಳು ಹಾಕಿರಲಾರಳು,
ಚರ್ಚಿನ ಗಂಟೆ ಬಾರಿಸುವ ಕುಂಟ,
ಹಳೆಯ ಇಬ್ಬರು ವಿದ್ಯಾರ್ಥಿಗಳು...
ಹತ್ತೊಂಬತ್ತಕ್ಕೆ ನಿಂತ.
ಇನ್ನುಳಿದ ಇಪ್ಪತ್ತೆರಡು ಮಂದಿ ಯಾರು?

ನನಗೆ ಅಕ್ಕ ನೆನಪಾದಳು, ತಾವರಗೇರಿಯ ಹುಲಿಗೆವ್ವ.
ಪಂಚಾಯ್ತಿಗೆ ನಿಂತು ಅರವತ್ಮೂರು ಓಟು ತಗೊಂಡವಳು.
ಹದಿನಾಲ್ಕು ವರ್ಷವಾಯಿತು.
ಈಗಲೂ ಸಂತೆಯಲ್ಲಿ ಯಾರಾದರೂ
ಕಾರಣವಿಲ್ಲದೆ ನಕ್ಕರೆ
ಅರವತ್ತಕ್ಕೆ ಒಂದು ಸೇರಿಸುತ್ತಾಳೆ.
ಒಬ್ಬಾಕಿ ಸಾಯುವ ಮುಂದೆ ಕರೆಸಿ ಹೇಳಿದ್ದಳಂತೆ,
"ನಾನ್ ಹಾಕಿದ್ದೆ ಯವ್ವಾ ನಿನಗ."
ಗೆದ್ದವನಿಗೆ ಈ ಕೆಲಸ ಇಲ್ಲ.
ಅವನಿಗೆ ಸಾವಿರ ಅಂದರೆ ಸಾವಿರ.

ಇದನ್ನು ಹೇಗೆ ದಾಟಿಸಲಿ?
ನಾನೂ ಬೆರಳು ಮಡಚಿ ತೋರಿಸಿದೆ. ಅಕ್ಕ, ಅಂದೆ.
ಸೊರೆಲ್ಲಾ, ಅಂದ.
ಕಾಸಿಂಬಿ ಚಹಾ ಕೊಟ್ಟಳು, ಅವನಿಗೆ ಸಕ್ಕರೆ ಜಾಸ್ತಿ.

ಬೆಳಕು ಹರಿದಾಗ ಕರೆಂಟು ಬಂತು,
ಗರಗಸ ಕೆಮ್ಮಿತು, ಎಳೆಯಿತು, ಕಲ್ಲಿಗೆ ಹಲ್ಲು ಕಚ್ಚಿತು.
ಹುಡುಗರು ಕೂಗಿದ ಕೂಗಿಗೆ
ಯಾರೋ ಗೆದ್ದರೆಂದು ರಸ್ತೆಯ ಮೇಲಿನವರು ತಿರುಗಿ ನೋಡಿದರು.

ನಾನು ಕೆಂಪು ಬಣ್ಣದಲ್ಲಿ
ಹೊಸ ಕಲ್ಲಿನ ಮೇಲೆ ಅಳತೆ ಬರೆದೆ.
ಉದ್ದ ಎರಡು ಮೀಟರು, ಮೇಲೆ ಎಂಬತ್ತೈದು.
ದುರುಗೇಶ ಬಗ್ಗಿ ನೋಡಿದ:
"ಚುಕ್ಕಿಗೆ ಬಾಲ ಯಾಕ ಬಂತ್ರೀ ಮಾಮಾ?"