ಇಪ್ಪತ್ತಮೂರು ಸೆಕೆಂಡು

ಕಾಲೇಜಿನ ಮೂರನೇ ಮಾಳಿಗೆ, ಹಿಂದೆ ಸಸ್ಯಶಾಸ್ತ್ರದ ಉಗ್ರಾಣ.
ಗೋಡೆಗೆ ಮೊಟ್ಟೆಯ ಟ್ರೇ ಅಂಟಿಸಿ, ಮೇಲೆ ಕಪ್ಪು ಬಟ್ಟೆ ಎಳೆದು
ಅದನ್ನೇ ನಾವು ಸ್ಟುಡಿಯೋ ಅನ್ನುತ್ತೇವೆ.
ಮೈಕು ಹಾಕಿದೊಡನೆ ಫ್ಯಾನು ಆಫ್.
ಮಂಗಳೂರಿನ ಮೇ ತಿಂಗಳು; ಬಂದ ಅತಿಥಿ
ಎರಡನೇ ಪ್ರಶ್ನೆಗೇ ಕರವಸ್ತ್ರ ಹುಡುಕುತ್ತಾರೆ.
ಸತ್ಯ ಹೊರಬರಲು ಅಷ್ಟು ಸೆಕೆ ಸಾಕು
ಅನ್ನುತ್ತಾರೆ ನಮ್ಮ ಡೆರಿಕ್ ಸರ್.
ನಾನು ಕಂಡ ಹಾಗೆ ಬೆವರು ಮಾತ್ರ ಬರುತ್ತದೆ.

ನನ್ನ ಕೆಲಸ ಕತ್ತರಿಸುವುದು.
ಕೆಮ್ಮು, ಕುರ್ಚಿಯ ಕಿರ್ರು, ಬಜ್ಪೆಗಿಳಿಯುವ ವಿಮಾನ,
‘ಎಂತ ಹೇಳುವುದು’, ‘ಅದು ಹಾಗಲ್ಲ ಮಾರಾಯ್ರೆ’.
ಕಾರ್ಪೊರೇಟರು ಒಬ್ಬರು ಚರಂಡಿಯ ಪ್ರಶ್ನೆಗೆ
ಏಳು ಸಲ ಗಂಟಲು ಸರಿಮಾಡಿಕೊಂಡರು;
ಏಳನ್ನೂ ತೆಗೆದ ಮೇಲೆ ಉತ್ತರವೇ ಉಳಿಯಲಿಲ್ಲ.
ಯಕ್ಷಗಾನದ ಭಾಗವತರಿಗೆ ಮೆಲ್ಲ ಮಾತಾಡಲು ಬಾರದು,
ಹೆಸರು ಹೇಳಿದ್ದಕ್ಕೇ ಮುಳ್ಳು ಕೆಂಪಿಗೆ ಹಾರಿ
ಅವರನ್ನು ಬಾಗಿಲ ಹತ್ತಿರ ಕೂರಿಸಬೇಕಾಯಿತು.
ನಾಟಕ ಬರೆಯುವ ಅಪೊಲಿನ್ ಪಿಂಟೊ ಮಾತ್ರ
ಕೊಂಕಣಿಯಲ್ಲಿ ಶುರುಮಾಡಿ, ತುಳುವಿನಲ್ಲಿ ನಕ್ಕು,
ಕನ್ನಡದಲ್ಲಿ ಮುಗಿಸುವವರು.
ಎಲ್ಲಿ ಕತ್ತರಿ ಇಡಲಿ? ಹಾಗೇ ಬಿಟ್ಟೆ.

ಆ ಬುಧವಾರ ಬಂದವರು ಜಪ್ಪಿನ ರಾಜೀವಿಯಕ್ಕ.
ನಲವತ್ತೊಂದು ವರ್ಷ ಬೀಡಿ, ಅರುವತ್ತಾರಕ್ಕೆ ಒಂದು ಕಥಾಸಂಕಲನ.
ಬೇಡವೆಂದರೂ ಚಪ್ಪಲಿ ಹೊರಗೆ ಬಿಟ್ಟರು.
ಎಲೆಯ ಬಗ್ಗೆ ಕೇಳಿದರೆ ಎಲೆ, ಬ್ರಾಂಚಿನ ಬಗ್ಗೆ ಕೇಳಿದರೆ
ಬ್ರಾಂಚಿನವನು ಬಿಸಾಡಿದ ಕಟ್ಟುಗಳ ಲೆಕ್ಕ,
ಎಲ್ಲ ಪಟಪಟ.
ಆಮೇಲೆ ಪ್ರೆಸಿಲ್ಲಾ, ಎರಡನೇ ಬಿ.ಎ., ಹಾಳೆ ನೋಡಿ ಕೇಳಿದಳು:
‘ನಿಮ್ಮ ಮೊದಲ ಓದುಗರು ಯಾರು?’

ಸುಮ್ಮನಾದರು.
ಪರದೆಯ ಮೇಲೆ ಹಸಿರು ಗೆರೆ ಮಲಗಿತು.
ಹೆಡ್‌ಫೋನಿನಲ್ಲಿ ಮೊದಲು ಏನೂ ಇಲ್ಲ, ಆಮೇಲೆ
ಸರ್ರ್, ಸರ್ರ್.
ಹೆಬ್ಬೆರಳು ತೋರುಬೆರಳು ಮೇಜಿನ ಅಂಚಿನಲ್ಲಿ
ಇಲ್ಲದ ಎಲೆಯನ್ನು ಸುರುಳಿ ಸುತ್ತುತ್ತಿದ್ದವು,
ತುದಿ ಮಡಚಿ, ಇಲ್ಲದ ನೂಲು ಎಳೆದು,
ಒಂದು.
ಮತ್ತೆ.
ಇಪ್ಪತ್ತಮೂರು ಸೆಕೆಂಡಿಗೆ ಎರಡು ಬೀಡಿ.

‘ನನ್ನ ನಾದಿನಿ ಸುಗಂಧಿ’ ಅಂದರು ಕೊನೆಗೆ.
‘ಅವಳಿಗೆ ಓದಲು ಬರುವುದಿಲ್ಲ.
ಎಲೆ ಕತ್ತರಿಸುವಾಗ ನಾನು ಹೇಳುವುದು, ಅವಳು ಕೇಳುವುದು.
ಕಥೆ ಸರಿ ಬಾರದಿದ್ದರೆ ಕತ್ತರಿ ನಿಲ್ಲಿಸುವಳು, ಅಷ್ಟೇ.
ಎಲ್ಲಿ ನಿಂತಿತೋ ಅಲ್ಲಿಂದ ನಾನು ಮತ್ತೆ.’

ಹೊರಡುವಾಗ ಚಪ್ಪಲಿ ಮೆಟ್ಟುತ್ತಾ ನನ್ನನ್ನು ಕೇಳಿದರು:
‘ಇದು ಮುಡಿಪಿನಲ್ಲಿ ಸಿಗ್ತದಾ? ಅವಳು ಈಗ ಮಗಳ ಜೊತೆ ಅಲ್ಲಿ.’
ನಮ್ಮದು ಐವತ್ತು ವ್ಯಾಟ್. ನೇತ್ರಾವತಿ ದಾಟಿ
ತೊಕ್ಕೊಟ್ಟಿನ ತನಕ ನಡೆಯುತ್ತದೆ, ಏರು ಬಂದರೆ ಉಸಿರಿಲ್ಲ.
‘ಸಿಗ್ತದೆ ಅಕ್ಕ’ ಅಂದೆ.

ಮೂರು ಸೆಕೆಂಡು ಮೌನವಾದರೆ ಸ್ಟೇಷನ್ ಸತ್ತಂತೆ:
ಡೆರಿಕ್ ಸರ್ ಬರೆದು ಗೋಡೆಗೆ ಹಚ್ಚಿದ್ದಾರೆ.
ಕತ್ತರಿಸಿದೆ. ಪ್ರಶ್ನೆಯ ಬೆನ್ನಿಗೇ ಉತ್ತರ,
ಇಪ್ಪತ್ತೆಂಟು ನಿಮಿಷಕ್ಕೆ ಸರಿಯಾಗಿ.
ಚೆನ್ನಾಗಿ ಬಂತು ಅಂದರು ಎಲ್ಲರೂ.
ನನಗೆ ರಾಜೀವಿಯಕ್ಕ
ಬಾಯಿಪಾಠ ಮಾಡಿಕೊಂಡು ಬಂದ ಹಾಗೆ ಕೇಳಿಸಿತು.

ತೆಗೆದದ್ದನ್ನು ಬಿಸಾಡಲಿಲ್ಲ.
ರಾತ್ರಿ ಹತ್ತಕ್ಕೆ, ಧಕ್ಕೆಯ ಬಂಗುಡೆ ದರ,
ನಾಳೆಯ ಉಬ್ಬರದ ಹೊತ್ತು, ಎಲ್ಲ ಹೇಳಿಯಾದ ಮೇಲೆ
ಆ ಇಪ್ಪತ್ತಮೂರು ಸೆಕೆಂಡು ಬಿಟ್ಟೆ.
ಹೆಸರಿಲ್ಲ, ಪೀಠಿಕೆಯಿಲ್ಲ.

ಫೋನು ಬಂತು. ಯಾರೋ ಗಂಡಸು, ಉಳ್ಳಾಲದಿಂದ,
ಹಿಂದೆ ಪಾತ್ರೆ ತೊಳೆಯುವ ಸದ್ದು.
‘ಎಂತ, ನಿಮ್ಮ ರೇಡಿಯೋ ಹಾಳಾಗಿದೆಯಾ?
ಮಾತೇ ಇಲ್ಲ. ಯಾರೋ ಬೀಡಿ ಕಟ್ತಾ ಇದ್ದಾರೆ,
ಅದೊಂದೇ ಕೇಳ್ತದೆ.’

ದೂರು ಪುಸ್ತಕ ತೆಗೆದು
ತಾರೀಕು, ಹೊತ್ತು, ಊರು ಬರೆದೆ.
ಷರಾ ಎಂಬಲ್ಲಿ:
ಸ್ಪಷ್ಟವಾಗಿ ಕೇಳಿಸಿದೆ.